ಎಡಗಾಲಿನ ಲೇಸು ಅಳೆದ ನೆರಳು

ನಾನು ಒಂದು ಲೇಸು. ಬೂಟಿಗೆ ಕಟ್ಟುವ ದಾರ, ಅದರಲ್ಲೂ ಎಡಗಾಲಿನದು. ಲೇಸು ಎಂದರೆ ಒಳ್ಳೆಯದು ಎಂಬ ಅರ್ಥವೂ ಕನ್ನಡದಲ್ಲಿದೆಯಂತೆ. ನನ್ನಿಂದ ಯಾರಿಗೆ ಲೇಸಾಯಿತು ಎಂಬುದನ್ನು ಕಥೆ ಕೇಳಿದ ಮೇಲೆ ನೀವೇ ಹೇಳಬೇಕು.

ನಾನು ಹುಟ್ಟಿದ್ದು ರುಮೇನಿಯಾ ದೇಶದ ಒಂದು ನೂಲಿನ ಗಿರಣಿಯಲ್ಲಿ. ಅಲ್ಲಿನ ಯಂತ್ರವೊಂದು ಹತ್ತಿಯ ಎಳೆಗಳನ್ನು ಜಡೆಯ ಹಾಗೆ ಹೆಣೆದು, ಎರಡೂ ತುದಿಗೆ ತಗಡಿನ ಟೋಪಿ ತೊಡಿಸಿ ನನ್ನನ್ನು ಲೋಕಕ್ಕೆ ಕಳಿಸಿತು. ಆಗ ನನ್ನದು ಮಲ್ಲಿಗೆಯ ಬಿಳುಪು. ಮುರೆಶ್ ನದಿಯ ದಂಡೆಯ ಸಣ್ಣ ಊರೊಂದರ ಅಂಗಡಿಯಲ್ಲಿ ಫ್ಲೊರೀಕಾ ಎಂಬ ಹೆಂಗಸು ನನ್ನನ್ನೂ ನನ್ನ ಜೋಡಿಯನ್ನೂ ಮಗನಿಗಾಗಿ ಕೊಂಡಳು.

ಮಗನ ಹೆಸರು ಟುಡೊರ್. ಹದಿನಾರು ವರ್ಷ. ಊರಿನ ಇಟ್ಟಿಗೆ ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿ ಎಡ ವಿಂಗರ್. ವಿಂಗರ್ ಎಂದರೆ ಮೈದಾನದ ಅಂಚಿನ ಸುಣ್ಣದ ಗೆರೆ ಹಿಡಿದು ಓಡಿ, ಎದುರಾಳಿಯನ್ನು ದಾಟಿ, ಗೋಲಿನ ಮುಂದಕ್ಕೆ ಚೆಂಡು ಕಳಿಸುವವನು. ಅವನು ಓಡುವುದನ್ನು ನಾನು ಕೆಳಗಿನಿಂದ ಬಲ್ಲೆ. ನೆಲ ಅವನಿಗೆ ಕಾದ ಹೆಂಚು. ಒಂದು ಕಡೆ ನಿಂತ ಹುಡುಗನೇ ಅಲ್ಲ. ಕೂತಾಗಲೂ ಹಿಮ್ಮಡಿ ಕುಣಿಯುತ್ತಿತ್ತು.

ಆ ವರ್ಷ ಮೈದಾನದ ಪಕ್ಕ ಜನ ಕೂರಲು ಹೊಸ ಗ್ಯಾಲರಿ ಕಟ್ಟುತ್ತಿದ್ದರು. ಮೇಸ್ತ್ರಿಯ ಹೆಸರು ಗಾವ್ರಿಲ್, ನಲವತ್ತೆಂಟರ ಗಟ್ಟಿ ಆಳು. ನದಿ ದಂಡೆಯ ಹಸಿ ಮಣ್ಣು ಅವನ ಮಾನ ಕಳೆಯುತ್ತಿತ್ತು. ಗೋಡೆ ಎದೆಯೆತ್ತರ ಬರುವುದು, ಬಿರುಕು ಬಿಡುವುದು, ಕೆಡವುವುದು. ಮೂರನೆಯ ಸಲ ಗೋಡೆ ಕೂಲಿಯೊಬ್ಬನ ಕಾಲಿನ ಮೇಲೇ ಕುಸಿಯಿತು. ಇನ್ನೊಂದು ಸಲ ಬಿದ್ದರೆ ಕರಣೆ ಇಟ್ಟು ಮನೆಗೆ ಹೋಗು ಎಂದರು ಕಾರ್ಖಾನೆಯವರು.

ಗಾವ್ರಿಲ್‌ಗೆ ಆಗ ಅಜ್ಜನ ಮಾತು ನೆನಪಾಯಿತು. ಆ ಸೀಮೆಯ ಹಳೇ ಮೇಸ್ತ್ರಿಗಳಲ್ಲಿ ಒಂದು ನಂಬಿಕೆ ಇತ್ತು. ಒಬ್ಬನ ನೆರಳನ್ನು ಅವನಿಗೇ ತಿಳಿಯದಂತೆ ದಾರದಿಂದ ಅಳೆದು, ಅಳತೆಗೆ ಗಂಟು ಹಾಕಿ, ದಾರವನ್ನು ಗೋಡೆಯೊಳಗೆ ಇಟ್ಟು ಮುಚ್ಚಬೇಕು. ಗೋಡೆ ನಿಲ್ಲುತ್ತದೆ. ನೆರಳಿನ ಒಡೆಯ ನಲವತ್ತು ದಿನದೊಳಗೆ ಸಾಯುತ್ತಾನೆ. ಇಂಥದ್ದನ್ನು ಈ ಕಾಲದಲ್ಲಿ ಯಾರೂ ಮಾಡುವುದಿಲ್ಲ ಎಂದು ಗಾವ್ರಿಲ್ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡ ಮೂರನೆಯ ದಿನ ಮಾಡಿದ.

ಅದು ಅಕ್ಟೋಬರಿನ ಒಂದು ಮಧ್ಯಾಹ್ನ. ಟುಡೊರ್ ನನ್ನನ್ನು ತೊಳೆದು ಅರ್ಧ ಕಟ್ಟಿದ ಗೋಡೆಯ ಮೇಲೆ ಒಣಹಾಕಿ, ಪಕ್ಕದಲ್ಲೇ ಕೂತು ಬ್ರೆಡ್ಡು ತಿನ್ನುತ್ತಿದ್ದ. ಅವನ ನೆರಳು ಬೆನ್ನ ಹಿಂದಿನ ನೆಲದ ಮೇಲಿತ್ತು. ಗಾವ್ರಿಲ್ ಬೆಕ್ಕಿನ ಹಾಗೆ ಬಂದು ನನ್ನನ್ನು ಎತ್ತಿಕೊಂಡ. ಬಗ್ಗಿದ. ಬಲಗೈ ಚಾಚಿ ನನ್ನನ್ನು ನೆಲಕ್ಕೆ ಹಾಸಿದ. ಬಾಯಲ್ಲಿ ಪ್ರಾರ್ಥನೆ ತೊದಲುತ್ತಿತ್ತು. ನೋಡಲು ಧೈರ್ಯ ಸಾಲದೆ ಕಣ್ಣು ಮುಚ್ಚಿಕೊಂಡೇ ಗಂಟು ಹಾಕಿದ. ಕಣ್ಣು ತೆರೆಯುವಷ್ಟರಲ್ಲಿ ಕೋಚು ಸೀಟಿ ಊದಿಯಾಗಿತ್ತು. ಟುಡೊರ್ ಎಡ ಬೂಟಿಗೆ ಯಾವುದೋ ಸುತಲಿ ಬಿಗಿದುಕೊಂಡು ಮೈದಾನದಲ್ಲಿದ್ದ.

ನನ್ನನ್ನು ಎರಡು ಇಟ್ಟಿಗೆಗಳ ನಡುವೆ ಇಟ್ಟು ಗಾರೆ ಮೆತ್ತಿದ. ಆ ಕತ್ತಲೆಯಲ್ಲಿ ನಾನು ಒಬ್ಬನೇ ಇರಲಿಲ್ಲ. ನನ್ನ ಗಂಟಿನೊಳಗೆ ಏನೋ ಬೆಚ್ಚಗೆ ಮಿಡಿಯುತ್ತಿತ್ತು. ದಿನ ಕಳೆದಂತೆ ಆ ಮಿಡಿತ ಕ್ಷೀಣಿಸಿತು. ಗೋಡೆ ಮಾತ್ರ ಒಂದು ಕೂದಲೆಳೆಯಷ್ಟೂ ಬಿರಿಯಲಿಲ್ಲ. ಇಟ್ಟಿಗೆಗಳು ನನ್ನನ್ನು ಹಿಂಡಿ ಕುಡಿಯುತ್ತಿವೆ ಎನಿಸಿ ನನಗೆ ಭಯವಾಗುತ್ತಿತ್ತು.

ಮೂವತ್ತನೆಯ ದಿನದ ಹೊತ್ತಿಗೆ ಟುಡೊರ್ ಜ್ವರ ಹಿಡಿದು ಮಲಗಿದ. ಗಾವ್ರಿಲ್ ಕೂಡ ಅನ್ನಾಹಾರ ಸೇರದೆ ಎಲುಬಿನ ಹಂದರವಾಗಿದ್ದ. ಮಾಡಿದ ಪಾಪ ತಿನ್ನುತ್ತಿದೆ ಎಂದುಕೊಂಡ. ಮೂವತ್ತೊಂಬತ್ತನೆಯ ದಿನ ಬೆಳಿಗ್ಗೆ ಫ್ಲೊರೀಕಾ ಗೋಡೆಯ ಬಳಿ ಬಂದಳು. ಅಲ್ಲಿ ಹಿರಿಯ ಗಂಡಸರ ಹೆಸರಿಗೆ ‘ನೆಯಾ’ ಎಂದು ಸೇರಿಸುತ್ತಾರೆ, ನಿಮ್ಮಲ್ಲಿ ಅಣ್ಣ ಎಂದ ಹಾಗೆ.

"ನೆಯಾ ಗಾವ್ರಿಲ್, ಹುಡುಗನಿಗೆ ಜ್ವರ ಇಳೀತಾನೇ ಇಲ್ಲ," ಎಂದಳು. "ಆ ಜ್ವರದಲ್ಲೂ ನಿಮ್ಮನ್ನೇ ಕೇಳ್ತಾನೆ. ಪಾಪ, ಮೇಸ್ತ್ರಿ ಗೋಡೆ ಈ ಸಲನಾದ್ರೂ ನಿಂತಿತಾ, ನೋಡ್ಕೊಂಡು ಬಾ ಅಂದ."

ಅವಳು ಬೆನ್ನು ತಿರುಗಿಸಿದ್ದೇ ತಡ ಗಾವ್ರಿಲ್ ಉಳಿ ಸುತ್ತಿಗೆ ಹಿಡಿದು ತನ್ನ ಗೋಡೆಯನ್ನು ತಾನೇ ಒಡೆದ. ಬೆರಳು ರಕ್ತವಾದರೂ ಬಿಡದೆ ನನ್ನನ್ನು ಎಳೆದು ತೆಗೆದು ಎದೆಗೊತ್ತಿಕೊಂಡು ಅತ್ತ. ಎರಡು ದಿನದಲ್ಲಿ ಟುಡೊರ್‌ನ ಜ್ವರ ಬಿಟ್ಟಿತು. ಒಂದು ವಾರದಲ್ಲಿ ಗೋಡೆ ಅಡ್ಡಡ್ಡ ಸೀಳಿತು. ಗಾವ್ರಿಲ್‌ನ ಕೆಲಸ ಹೋಯಿತು.

ಅವನು ಮತ್ತೆ ಕರಣೆ ಮುಟ್ಟಲಿಲ್ಲ. ಅದೇ ಮೈದಾನದಲ್ಲಿ ಹುಲ್ಲು ಕತ್ತರಿಸಿ ಸುಣ್ಣದ ಗೆರೆ ಎಳೆಯುವ ಕೆಲಸಕ್ಕೆ ಸೇರಿದ. ನಾನು ಅವನ ಕೋಟಿನ ಒಳಜೇಬು ಸೇರಿದೆ. ನನ್ನನ್ನು ಸುಡಲು ಹೆದರಿದ, ಎಸೆಯಲು ಹೆದರಿದ. ಗಂಟು ಬಿಚ್ಚಿದರೆ ನೆರಳು ಮರಳುತ್ತದೋ ಹರಿದೇ ಹೋಗುತ್ತದೋ, ಅಜ್ಜ ಅದನ್ನು ಹೇಳಿರಲಿಲ್ಲ. ಟುಡೊರ್‌ನ ಜೀವ ತನ್ನ ಜೇಬಿನಲ್ಲಿದೆ ಎಂದು ನಂಬಿ ಅವನು ಮದುವೆಯಾಗಲಿಲ್ಲ, ಊರು ಬಿಡಲಿಲ್ಲ, ಕೋಟು ಬಿಚ್ಚಿ ಮಲಗಲಿಲ್ಲ.

ಟುಡೊರ್ ಬೆಳೆದ. ಹತ್ತೊಂಬತ್ತಕ್ಕೆ ರಾಜಧಾನಿಯ ದೊಡ್ಡ ಕ್ಲಬ್ಬು ಅವನನ್ನು ಕರೆದುಕೊಂಡಿತು. ಇಪ್ಪತ್ತೆರಡಕ್ಕೆ ದೇಶದ ತಂಡದಲ್ಲಿ ಎರಡು ಪಂದ್ಯ, ಎರಡರಲ್ಲೂ ಕೊನೆಯ ಹತ್ತು ನಿಮಿಷ. ಆಮೇಲೆ ಟರ್ಕಿ, ಆಮೇಲೆ ಸೈಪ್ರಸ್. ಗಾವ್ರಿಲ್ ಎಲ್ಲವನ್ನೂ ಟಿ.ವಿ.ಯಲ್ಲಿ ನೋಡುತ್ತಿದ್ದ. ಚೆಂಡನ್ನಲ್ಲ, ನೆರಳನ್ನು. ಸಂಜೆಯ ಪಂದ್ಯಕ್ಕೆ ಮೈದಾನದ ನಾಲ್ಕು ಮೂಲೆಯಲ್ಲಿ ದೀಪ ಹಾಕುತ್ತಾರಲ್ಲ, ಆಗ ಪ್ರತಿ ಆಟಗಾರನ ಕಾಲ ಬುಡದಿಂದ ನಾಲ್ಕು ನೆರಳು ಹೊರಡುತ್ತವೆ. ಟುಡೊರ್‌ಗೆ ಮೂರೇ ಇವೆ ಎಂದು ಅವನಿಗೆ ಕಾಣುತ್ತಿತ್ತು. ಪರದೆಗೆ ಮೂಗು ತಾಗಿಸಿ ಮತ್ತೆ ಎಣಿಸುತ್ತಿದ್ದ. ಒಮ್ಮೆ ಮೂರು, ಒಮ್ಮೆ ನಾಲ್ಕು. ಹೆದರಿದವನ ಮೇಲೆ ಹಾವು ಎಸೆದಂತೆ ಆಗ ಟುಡೊರ್ ಮಂಡಿ ಹಿಡಿದು ನೆಲಕ್ಕೆ ಬೀಳುತ್ತಿದ್ದ, ಇವನು ಜೇಬಿನಲ್ಲಿ ನನ್ನನ್ನು ಹಿಂಡುತ್ತಿದ್ದ.

"ನನ್ನಿಂದಲೇ ಆಯ್ತು," ಎನ್ನುತ್ತಿದ್ದ ಖಾಲಿ ಮನೆಗೆ.

ಮಂಡಿಗೆ ಎರಡು ಆಪರೇಷನ್ ಆದವು. ಮೊದಲು ಬೆಂಚು, ಆಮೇಲೆ ಎರಡನೆಯ ದರ್ಜೆಯ ತಂಡ, ಆಮೇಲೆ ಅದೂ ಇಲ್ಲ. ಮೂವತ್ತನಾಲ್ಕಕ್ಕೆ ಟುಡೊರ್ ಊರಿಗೆ ಮರಳಿ, ಇಟ್ಟಿಗೆ ಕಾರ್ಖಾನೆಯ ತಂಡದಲ್ಲೇ ಕೊನೆಯ ಪಂದ್ಯ ಆಡಿ ಬೂಟು ಕಳಚಿದ. ವಿಂಗರುಗಳ ಬಾಳೇ ಹಾಗೆ. ಓಟ ಇರುವವರೆಗೆ ಆಟ.

ಗಾವ್ರಿಲ್‌ಗೆ ಆಗ ಅರವತ್ತಾರು. ಡಾಕ್ಟರು ಎದೆಯ ಫೋಟೋ ತೆಗೆದು, ನೋಡಿ, ಮೆಲ್ಲಗೆ ಕೆಲವೇ ತಿಂಗಳ ಗಡುವು ಹೇಳಿದ್ದರು. ಅವನಿಗೆ ಸಾವಿನ ಹೆದರಿಕೆ ಇರಲಿಲ್ಲ. ಹೂಳುವಾಗ ಜೇಬಿನಲ್ಲಿ ನಾನಿದ್ದರೆ ಹೊಂಡವೂ ಒಂದು ಗೋಡೆಯಾದೀತು, ಹುಡುಗ ತನ್ನ ಹಿಂದೆಯೇ ಬಂದಾನು ಎಂಬ ಹೆದರಿಕೆ ಇತ್ತು. ಮೇ ತಿಂಗಳ ಒಂದು ಮಧ್ಯಾಹ್ನ ಟುಡೊರ್‌ನನ್ನು ಮೈದಾನಕ್ಕೆ ಕರೆದು ಎಲ್ಲವನ್ನೂ ಹೇಳಿಬಿಟ್ಟ. ಅಜ್ಜನ ಮಾತು, ಗಂಟು, ಮೂವತ್ತೊಂಬತ್ತು ದಿನ.

ಟುಡೊರ್ ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. "ಈಗ ಏನ್ ಮಾಡ್ಬೇಕು, ನೆಯಾ?" ಎಂದ.

"ಗೆರೆ ಮೇಲೆ ನಿಂತ್ಕೋ. ನಿನ್ನ ನೆರಳು ಈ ಗಂಟಿನವರೆಗೆ ಬೆಳೆಯೋ ಹೊತ್ತಿಗೆ ಬಿಚ್ಚಿದ್ರೆ, ಅದು ದಾರಿ ತಪ್ಪದೆ ನಿನ್ನ ಹತ್ರ ಬಂದೀತು. ನಂಗೆ ತೋಚಿದ್ದು ಇಷ್ಟೇ."

ಟುಡೊರ್ ಬಿಸಿಲಿಗೆ ಬೆನ್ನು ಹಾಕಿ ನಿಂತ. ಅವನು ಅಷ್ಟು ಹೊತ್ತು ಅಲುಗದೆ ನಿಂತಿದ್ದು ನಾನು ಕಂಡಿಲ್ಲ. ಗಾವ್ರಿಲ್ ಮಂಡಿಯೂರಿ ಅವನ ಹಿಮ್ಮಡಿಯಿಂದ ನನ್ನನ್ನು ಹುಲ್ಲಿನ ಮೇಲೆ ಚಾಚಿ ಹಿಡಿದ. ಹೊತ್ತು ಜಾರಿತು. ನೆರಳು ಇರುವೆಯ ಹಾಗೆ ಗಂಟಿನ ಕಡೆ ಹರಿಯಿತು. ಅದನ್ನು ಸರಿಯಾಗಿ ನೋಡಲು ಗಾವ್ರಿಲ್ ನನ್ನ ಮೇಲೆ ಪೂರ್ತಿ ಬಾಗಿದ.

"ನೆಯಾ ಗಾವ್ರಿಲ್," ಎಂದ ಟುಡೊರ್. ದನಿ ಬದಲಾಗಿತ್ತು. "ಸೂರ್ಯನಿಗೆ ಅಡ್ಡ ಕೂತಿದ್ದೀರಿ. ಆದ್ರೂ ಗಂಟಿನ ಮೇಲೆ ಬಿಸಿಲು ಬೀಳ್ತಿದೆ."

ಗಾವ್ರಿಲ್ ನೋಡಿದ. ನನ್ನ ಮೇಲೆ ಬಿಸಿಲು ಚೆಲ್ಲಿತ್ತು. ಕೈ ಮುಂದೆ ತಂದ. ಹುಲ್ಲಿನ ಮೇಲೆ ಕೈಯ ಗುರುತಿಲ್ಲ. ತಲೆ ಅಲ್ಲಾಡಿಸಿದ. ಎಲ್ಲಿಯೂ ಏನೂ ಅಲುಗಲಿಲ್ಲ. ಇಬ್ಬರು ಗಂಡಸರಿದ್ದ ಆ ಮೈದಾನದಲ್ಲಿ ಇದ್ದದ್ದು ಒಂದೇ ನೆರಳು. ಹದಿನೆಂಟು ವರ್ಷ ಪರರ ಕಾಲ ಬುಡವನ್ನು ಎಣಿಸಿದವನು ತನ್ನ ಕಾಲ ಬುಡವನ್ನು ಒಮ್ಮೆಯೂ ನೋಡಿರಲಿಲ್ಲ. ಗೆರೆ ಎಳೆಯುವ ಮುದುಕನ ನೆರಳನ್ನು ಬೇರೆ ಯಾರು ತಾನೇ ನೋಡುತ್ತಾರೆ? ನನಗೆ ಮೊದಲಿನಿಂದ ಗೊತ್ತಿತ್ತು. ಅಂದು ಅವನು ಕಣ್ಣು ಮುಚ್ಚಿ ಗಂಟು ಬಿಗಿಯುವಷ್ಟರಲ್ಲಿ ಹುಡುಗ ಎದ್ದು ಓಡಿದ್ದ. ನನ್ನ ಮೇಲೆ ಬಿದ್ದಿದ್ದು ಬಗ್ಗಿ ಅಳೆಯುತ್ತಿದ್ದವನ ನೆರಳು.

"ಹಾಗಾದ್ರೆ ನೀನಲ್ಲ," ಎಂದ ಗಾವ್ರಿಲ್. "ಯಾವತ್ತೂ ನೀನಾಗಿರ್ಲಿಲ್ಲ." ಅವನು ನಗುತ್ತಿದ್ದನೋ ಅಳುತ್ತಿದ್ದನೋ, ಮುಖದಲ್ಲಿ ಎರಡೂ ಇದ್ದವು. ಅಂಥ ಸಂತೋಷವನ್ನು ನಾನು ಗೋಲು ಹೊಡೆದವರ ಮುಖದಲ್ಲೂ ಕಂಡಿಲ್ಲ.

ಅವನ ಬೆರಳಿಗೆ ಬಿಚ್ಚಲಾಗಲಿಲ್ಲ. ಟುಡೊರ್ ಉಗುರು ಹಾಕಿ ಗಂಟು ಸಡಿಲಿಸಿದ. ನನ್ನೊಳಗೆ ಇಷ್ಟು ಕಾಲ ಮಿಡಿದದ್ದು ಹೊರಗೆ ಹರಿದು ಗಾವ್ರಿಲ್ ಕಾಲ ಬುಡಕ್ಕೆ ಅಂಟಿಕೊಂಡು ಹುಲ್ಲಿನ ಮೇಲೆ ಬಿದ್ದಿತು. ನಲವತ್ತೆಂಟರ ಮೇಸ್ತ್ರಿಯ ಅಗಲವಾದ, ಕಪ್ಪು ನೆರಳು. ಗಾವ್ರಿಲ್ ಎದ್ದು ನೆಟ್ಟಗೆ ನಿಂತ. ನೆರಳು ಏಳಲಿಲ್ಲ. ಅದು ಬಗ್ಗಿಯೇ ಇತ್ತು, ಬಲಗೈ ಚಾಚಿ, ಏನನ್ನೋ ಅಳೆಯುತ್ತ. ಟುಡೊರ್ ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಮುಂದೆ ಬಂದು ಮುದುಕನ ತೋಳು ಹಿಡಿದು ಮನೆಗೆ ಕರೆದೊಯ್ದ.

ಈಗ ನಾನು ಟುಡೊರ್‌ನ ಹಳೆಯ ಎಡ ಬೂಟಿನಲ್ಲಿ, ಕ್ಲಬ್ಬಿನ ಉಗ್ರಾಣದ ಮೂಲೆಯಲ್ಲಿದ್ದೇನೆ. ಮೈಯೆಲ್ಲ ಬೂದು ಬಣ್ಣ. ಒಂದು ತುದಿಯ ಟೋಪಿ ಬಿದ್ದುಹೋಗಿದೆ. ಯಾರು ಹಾಸಿದರೂ ಅಳತೆ ಕೊಡುವುದು ನನ್ನ ಜಾತಿಯ ಗುಣ, ಬೇಡ ಎನ್ನಲು ದಾರಕ್ಕೆ ಬಾಯಿಲ್ಲ. ಆ ಒಂದು ಮಧ್ಯಾಹ್ನವಾದರೂ ಬಾಯಿ ಇದ್ದಿದ್ದರೆ ಎಂದು ಈಗಲೂ ಕೊರಗುತ್ತೇನೆ.

ಉಗ್ರಾಣದ ಕಿಟಕಿಯಿಂದ ಮೈದಾನ ಕಾಣುತ್ತದೆ. ಡಾಕ್ಟರು ಹೇಳಿದ ಗಡುವು ದಾಟಿದರೂ ಗಾವ್ರಿಲ್ ಇನ್ನೂ ಗೆರೆ ಎಳೆಯುತ್ತಾನೆ. ಬಿಸಿಲಿದ್ದ ದಿನ ಸೊಂಟ ಬಗ್ಗಿಸಿ, ಬಲಗೈ ಮುಂದೆ ಚಾಚಿಕೊಂಡು ನಡೆಯುತ್ತಾನೆ. ಮುಪ್ಪು ಅವನನ್ನು ಬಗ್ಗಿಸಿತು ಎಂದು ಊರಿನವರು ಮರುಗುತ್ತಾರೆ. ಮೋಡ ಕವಿದ ದಿನ ಮಾತ್ರ ಅವನು ಬೆನ್ನು ನೆಟ್ಟಗೆ ಮಾಡುತ್ತಾನೆ.