ಮಡಚುವ ಕೈ

ನನ್ನ ಸೋದರತ್ತೆಯ ಕೈಗೆ ಸಿಕ್ಕ ಯಾವ ಬಟ್ಟೆಯೂ ಮಡಿಕೆಯಾಗದೆ ಉಳಿದದ್ದಿಲ್ಲ. ಎದುರಿಗೆ ಕುಳಿತವರ ಶಾಲಿನ ಅಂಚು, ಊಟದ ಮೇಜಿನ ಕೈವಸ್ತ್ರ, ಬಟ್ಟೆಯಿಲ್ಲದಿದ್ದರೆ ಬಸ್ಸಿನ ಟಿಕೀಟು, ಎಲ್ಲವೂ ಅವಳ ಬೆರಳುಗಳ ನಡುವೆ ಮೂಲೆಗೆ ಮೂಲೆ ಕೂಡಿ ಪದರಗಳಾಗುತ್ತಿದ್ದವು. ಕಣ್ಣು ಮಾತ್ರ ಮಾತಾಡುವವರ ಮುಖದ ಮೇಲೆಯೇ ಇರುತ್ತಿತ್ತು. ಹೋಟೆಲುಗಳ ಹಾಸು ಹೊದಿಕೆಗಳನ್ನು ಒಗೆದುಕೊಡುವ ಲಾಂಡ್ರಿಯನ್ನು ಅವಳು ಮದುವೆಯಾದ ಹೊಸದರಿಂದ ನಡೆಸಿಕೊಂಡು ಬಂದಿದ್ದಳು. ಗಲ್ಲದವರೆಗೆ ಏರುವ ಮಡಿಕೆಗಳ ರಾಶಿಯನ್ನು ಹೊತ್ತು ಹೊತ್ತು, ಬರಿಗೈಯಲ್ಲಿ ನಡೆಯುವಾಗಲೂ ಗಲ್ಲವನ್ನು ಮೇಲೆತ್ತಿ, ನೆಲವನ್ನು ಪಾದದಿಂದಲೇ ತಡವಿಕೊಂಡು ನಡೆಯುವುದು ಅಭ್ಯಾಸವಾಗಿತ್ತು. ಗೊತ್ತಿಲ್ಲದವರು ಅದನ್ನು ಜಂಬವೆಂದುಕೊಂಡರು.

ಬೂದುಬಣ್ಣದ ಕೆಲಸದ ಕೋಟು, ಅದರ ಜೇಬಿನಲ್ಲಿ ಯಾರಯಾರದೋ ಅಂಗಿಯಿಂದ ಉದುರಿದ ಗುಂಡಿಗಳು, ಬಾಯಲ್ಲಿ ಸದಾ ಒಂದು ಮಾತು: "ಮುಂದೆ?" ಯಾರು ಏನು ಹೇಳಿ ಮುಗಿಸಿದರೂ "ಮುಂದೆ?" ಒಮ್ಮೆ ಗಂಡನನ್ನು ಕಳೆದುಕೊಂಡ ಗೆಳತಿಯನ್ನು ಮಾತಾಡಿಸಲು ಹೋದವಳು, ಹಿತ್ತಲ ಹಗ್ಗದ ಮೇಲಿದ್ದ ಅರೆಹಸಿ ಬಟ್ಟೆಗಳನ್ನೆಲ್ಲ ಮಡಚಿ, ಒಂದರ ಮೇಲೊಂದು ಜೋಡಿಸಿಟ್ಟು ಬಂದಿದ್ದಳು. ಮರುದಿನ ಅವು ಮುಗ್ಗಿದ ವಾಸನೆ ಹೊಡೆದಾಗ ಆ ಗೆಳತಿ, ಗಂಡ ಹೋದ ಮೇಲೆ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ.

ಲಾಂಡ್ರಿಯಲ್ಲಿ ಚಿಂದಿ ಎಂಬ ಕಂದು ಬಣ್ಣದ ಸಣ್ಣ ನಾಯಿಯಿತ್ತು. ಹರಕು ಬಟ್ಟೆಯ ಗಂಟಿನಲ್ಲಿ ಮರಿಯಾಗಿ ಸಿಕ್ಕದ್ದರಿಂದ ಆ ಹೆಸರು. ಹಿಂದಿನ ವರ್ಷ ಅದು ಯಾರಿಗೂ ತಿಳಿಯದಂತೆ ಮೋರಿಯ ಪಕ್ಕದಲ್ಲಿ ಮರಿ ಹಾಕಿತ್ತು; ಎಲ್ಲ ಮರಿಗಳೂ ಚಳಿಗೆ ಸತ್ತಿದ್ದವು. ಅವನ್ನು ಸುತ್ತುವ ಬಟ್ಟೆಯನ್ನು ಅತ್ತೆ ಬಹಳ ಹೊತ್ತು ಮಡಚುತ್ತ ಕುಳಿತಿದ್ದಳು. ಈ ಸಲ ಚಿಂದಿಯ ಹೊಟ್ಟೆ ಮುಟ್ಟಿ ನೋಡಿದ ಪಶುವೈದ್ಯೆ ಎಚ್ಚರಿಸಿದ್ದರು: "ಒಂದು ಮರಿ ದೊಡ್ಡದಿದೆ, ತಾಯಿ ಸಣ್ಣದು. ನೋವು ಬಂದು ಮುಕ್ಕೋಕೆ ಶುರು ಮಾಡಿದಾಗ ಯಾರಾದ್ರೂ ಪಕ್ಕದಲ್ಲೇ ಇರಬೇಕು. ಸಿಕ್ಕಿಹಾಕಿಕೊಂಡ್ರೆ ತಾಯಿನೂ ಉಳಿಯಲ್ಲ."

ನಾನು ಪ್ರಾಣಿಶಾಸ್ತ್ರ ಓದಿದವನೆಂದು, ಹೆರಿಗೆಯ ಲಕ್ಷಣಗಳನ್ನು ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಾಯಿಯ ಮೈಬಿಸಿ ಸಾಮಾನ್ಯವಾಗಿ ಮೂವತ್ತೆಂಟು ಡಿಗ್ರಿಯ ಮೇಲಿರುತ್ತದೆ. ಹೆರಿಗೆಗೆ ಸುಮಾರು ಒಂದು ದಿನ ಮೊದಲು ಮೂವತ್ತೇಳಕ್ಕಿಂತ ಕೆಳಗಿಳಿದು ಮತ್ತೆ ಏರುತ್ತದೆ. ಹಲವು ನಾಯಿಗಳು ಊಟ ಬಿಡುತ್ತವೆ, ಎಲ್ಲವೂ ಅಲ್ಲ. ಏದುಸಿರು, ನಡುಕ, ಕೂತಲ್ಲಿ ಕೂರಲಾರದ ಚಡಪಡಿಕೆ. ಎಲ್ಲಕ್ಕಿಂತ ಸ್ಪಷ್ಟವಾದದ್ದು, ಹಾಸಿಗೆಯನ್ನು ಪಂಜದಿಂದ ಕೆದರಿ, ಗುಡ್ಡೆ ಮಾಡಿ, ಗೂಡು ಕಟ್ಟುವುದು.

"ಮುಂದೆ?" ಎಂದಳು ಅತ್ತೆ.

"ಮುಂದೇನಿಲ್ಲ ಅತ್ತೆ, ಕಾಯೋದು."

"ಕಾಯೋದೂ ಒಂದು ಕೆಲಸವೇನೋ?"

ಮಡಿಕೆಕೋಣೆಯ ಬೆಚ್ಚನೆಯ ಗೋಡೆಗೆ ತಾಗಿಸಿ ಮರದ ಪೆಟ್ಟಿಗೆಯಿಟ್ಟು, ಹಳೆಯ ಹಾಸುಗಳನ್ನು ಹಾಸಿದೆವು. ಒಂದು ಬೆಳಿಗ್ಗೆ ಥರ್ಮಾಮೀಟರು ಮೂವತ್ತೇಳರ ಕೆಳಗೆ ನಿಂತಿತು. ಅಂದು ನಾನು ಕೆಲಸಕ್ಕೆ ಹೋಗಲಿಲ್ಲ. ಚಿಂದಿ ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನು ತಿಂದಿತು. ಏದುಸಿರೇನೋ ಇತ್ತು; ಆದರೆ ಒಗೆಯುವ ಯಂತ್ರ ನಡೆಸುತ್ತಿದ್ದ, ಎಲ್ಲರೂ ಮಷೀನಣ್ಣ ಎನ್ನುತ್ತಿದ್ದ ಆಳು ಬೆವರೊರೆಸಿಕೊಳ್ಳುತ್ತ, "ಈ ಸೆಕೆಗೆ ಏದುಸಿರು ಬಿಡದವರು ಯಾರಿದ್ದಾರೆ? ಹಾಗೆ ನೋಡಿದ್ರೆ ಸಂಜೆಯೊಳಗೆ ನಾನೂ ಹೆರಬೇಕು" ಎಂದ. ನಾನು ಬಗ್ಗಿ ನೋಡಿದಾಗಲೆಲ್ಲ ಹಾಸಿಗೆ ಸಪಾಟಾಗಿತ್ತು. ಸಂಜೆ ಅತ್ತೆ ವೈದ್ಯೆಗೆ ಫೋನು ಮಾಡಿದಳು.

"ಹಾಸಿಗೆ ಕೆದರ್ತಾ ಇದೆಯಾ?"

"ಇಲ್ಲ ಡಾಕ್ಟ್ರಮ್ಮ. ಇಸ್ತ್ರಿ ಮಾಡಿದ ಹಾಗಿದೆ."

"ಹಾಗಾದ್ರೆ ಇನ್ನೂ ಹೊತ್ತಿದೆ ಅನ್ಸುತ್ತೆ."

ಫೋನಿಟ್ಟು ನೀರಿನ ಬಟ್ಟಲು ಹಿಡಿದು ಪೆಟ್ಟಿಗೆಯ ಹತ್ತಿರ ಹೋದರೆ ಚಿಂದಿ ಇರಲಿಲ್ಲ. ಒಂದು ಹಾಸು ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿತ್ತು. ಅತ್ತೆ ಬಟ್ಟಲನ್ನು ಕೆಳಗಿಟ್ಟು, ಗಲ್ಲವೆತ್ತಿ ಸುತ್ತ ಕಣ್ಣಾಡಿಸುತ್ತಲೇ ಅದನ್ನು ಎತ್ತಿಕೊಂಡಳು. ಕೈಗಳು ಮೂಲೆಗೆ ಮೂಲೆ ಸೇರಿಸಿದವು, ಒಮ್ಮೆ ಮಡಚಿದವು, ಎರಡನೆಯ ಮಡಿಕೆಯ ನಡುವೆ ನಿಂತುಬಿಟ್ಟವು. ಅವಳು ಅಂದು ಮೊದಲ ಬಾರಿಗೆ ತನ್ನ ಕೈಯನ್ನು ನೋಡಿದಳು. ಬಟ್ಟೆಯ ತುಂಬ ಕಂದು ಕೂದಲು, ಉಗುರಿನ ಗೀರು.

"ಇದನ್ನ ಆಗಲೇ ಮಡಚಿದ್ದೆ," ಎಂದಳು. "ಅದಕ್ಕೂ ಮುಂಚೆನೂ. ಬೆಳಗ್ಗೆಯಿಂದ ಮಡಚ್ತಾನೇ ಇದ್ದೀನಿ ಕಣೋ."

ಚಿಂದಿ ಗೂಡು ಕಟ್ಟುತ್ತಲೇ ಇತ್ತು. ಅದು ನೀರಿಗೆಂದು ಎದ್ದಾಗ, ಬಾಗಿಲವರೆಗೆ ಅಲೆದು ಬಂದಾಗ, ಆ ದಾರಿಯಾಗಿ ಓಡಾಡುತ್ತಿದ್ದ ಅತ್ತೆಯ ಕೈ ಅವಳಿಗೇ ತಿಳಿಯದಂತೆ ಆ ಗೂಡನ್ನು ಬಿಚ್ಚಿ ಹಾಸಿಗೆ ಮಾಡುತ್ತಿತ್ತು. ನಾನು ಪರೀಕ್ಷಿಸಿದ್ದೆಲ್ಲ ಅವಳ ಕೈ ಹೋಗಿಬಂದ ಮೇಲಿನ ಹಾಸಿಗೆಯನ್ನೇ.

"ಮಡಚದ ಬಟ್ಟೆ ಎಲ್ಲಿದೆ ಇಲ್ಲಿ?" ಎಂದು ಕೇಳಿದವಳು ಉತ್ತರಕ್ಕೆ ಕಾಯದೆ ಓಡಿದಳು. ಆ ಕಟ್ಟಡದಲ್ಲಿ ಮಡಚದೆ ಬಿದ್ದಿದ್ದ ರಾಶಿ ಒಂದೇ, ಒಗೆಯಬೇಕಾದ ಮೈಲಿಗೆ ಬಟ್ಟೆಯದು. ಮಷೀನಣ್ಣ ಅದರಲ್ಲಿ ಅರ್ಧವನ್ನು ತೆಕ್ಕೆ ತೆಕ್ಕೆಯಾಗಿ ಬಾಚಿ ಯಂತ್ರಕ್ಕೆ ತುಂಬಿ, ಆಗಷ್ಟೇ ಬಾಗಿಲು ಹಾಕಿದ್ದ. ಗಾಜಿನಾಚೆ ನೊರೆ ಏಳುತ್ತಿತ್ತು. ಅತ್ತೆ ಕೂಗಿದ್ದು ಆ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಅವಳೇ ಗುಂಡಿ ಒತ್ತಿ ನಿಲ್ಲಿಸಿದಳು. ಆದರೆ ನೀರು ಇಳಿಯುವವರೆಗೆ ಆ ಬಾಗಿಲು ತೆರೆಯುವುದಿಲ್ಲ. ಅವಳು ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ ನಿಂತಳು. ಬಿಳಿಯ ಹಾಸುಗಳು ಜಾರಿ ಕೆಳಗಿಳಿಯುತ್ತಿದ್ದವು. ನಡುವೆ ಕಂದು ಬಣ್ಣದ್ದೇನೋ ಒಂದು ಹೊರಳಿ ಮರೆಯಾಯಿತು.

"ಅದು ಟವೆಲ್ಲು ಅಕ್ಕಾ," ಎಂದ ಮಷೀನಣ್ಣ. "ಟವೆಲ್ಲೇ ಇರಬೇಕು."

ಬೀಗ ಟಕ್ಕೆಂದಿತು. ಅತ್ತೆ ಒದ್ದೆ ಬಟ್ಟೆಗಳನ್ನು ಎಳೆದೆಳೆದು ನೆಲಕ್ಕೆ ಎಸೆದಳು. ಅವಳು ಬಟ್ಟೆ ಎಸೆದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಂದು ಬಣ್ಣದ್ದು ಟವೆಲ್ಲೇ. ಯಂತ್ರ ಖಾಲಿಯಾದ ಮೇಲೆ ಉಳಿದ ಮೌನದಲ್ಲಿ, ಹಿಂದೆ ಉಳಿದಿದ್ದ ಅರ್ಧ ರಾಶಿಯ ಒಳಗಿನಿಂದ ಒಂದು ನರಳಾಟ ಕೇಳಿಸಿತು.

ಚಿಂದಿ ಆಳದಲ್ಲಿ, ತಾನೇ ತೋಡಿದ ಕುಳಿಯಲ್ಲಿ ಮಲಗಿ ಮುಕ್ಕುತ್ತಿತ್ತು. ಮರಿಯ ಹಿಂಗಾಲುಗಳು ಹೊರಬಂದು ಅಲ್ಲಿಯೇ ಸಿಕ್ಕಿಕೊಂಡಿದ್ದವು. ನಾನು ಫೋನನ್ನು ಅತ್ತೆಯ ಕಿವಿಗೆ ಹಿಡಿದೆ.

"ಸುಮ್ಮನೆ ಎಳೀಬೇಡಿ," ಎಂದರು ವೈದ್ಯೆ. "ಒಣಬಟ್ಟೆಯಲ್ಲಿ ಹಿಡ್ಕೊಳ್ಳಿ. ಅದು ಮುಕ್ಕಿದಾಗ ಮಾತ್ರ, ಕೆಳಮುಖವಾಗಿ, ಮೆಲ್ಲಗೆ. ಬಿಟ್ಟಾಗ ನೀವೂ ಬಿಡಿ."

ಚಿಂದಿ ಮುಕ್ಕಿದಾಗ ಅತ್ತೆಯ ಕೈ ಇಳಿಯಿತು, ನಿಂತಾಗ ನಿಂತಿತು. ಆ ನಿಲ್ಲುವ ಗಳಿಗೆಗಳಲ್ಲಿ ಅವಳ ಒಂದು ಬೆರಳೂ ಅಲುಗುತ್ತಿರಲಿಲ್ಲ. ಕೊನೆಗೆ ಮರಿ ಜಾರಿ ಬಂತು. ದೊಡ್ಡದು, ಒದ್ದೆ, ನಿಶ್ಚಲ. ಪೊರೆ ಹರಿದು, ಮೂಗೊರೆಸಿದಳು.

"ಮುಂದೆ?" ಎಂದಳು ಫೋನಿಗೆ.

"ಉಜ್ಜಿ. ಉಜ್ತಾನೇ ಇರಿ."

ಉಜ್ಜಿದಳು. ಆಮೇಲೆ ಆ ಒಣಬಟ್ಟೆಯೊಳಗಿಂದ, ಎಣ್ಣೆ ಕಾಣದ ಬಾಗಿಲಿನ ಕೀರಲು ದನಿಯಂಥದೊಂದು ಹೊರಟಿತು.

ಉಳಿದ ಮರಿಗಳು ತೊಂದರೆ ಕೊಡಲಿಲ್ಲ. ಬಹಳ ಹೊತ್ತಿನ ಮೇಲೆ ಮಷೀನಣ್ಣ, "ಅಕ್ಕಾ, ಹೋಟೆಲಿನವರು ಬೆಳಗ್ಗೆ ಹಾಸು ಕೇಳ್ತಾರಲ್ಲ?" ಎಂದ.

"ಬಾಣಂತಿ ಮಲಗಿದ್ದಾಳೆ, ಎಬ್ಬಿಸೋಕಾಗಲ್ಲ ಅನ್ನು."

ಚಿಂದಿ ಮರಿಗಳನ್ನು ನೆಕ್ಕಿ ಮುಗಿಸಿ, ಎದ್ದು, ತನ್ನ ಕೆಳಗಿನ ಹಾಸನ್ನು ಮತ್ತೆ ಪಂಜದಿಂದ ಕೆದರಿ ಮುದ್ದೆ ಮಾಡಿತು. ಅತ್ತೆಯ ಕೈ ಅರ್ಧದವರೆಗೆ ಮುಂದೆ ಹೋಯಿತು. ಹಿಂದಕ್ಕೆಳೆದುಕೊಂಡು, ಎರಡೂ ಕೈಗಳನ್ನು ತೊಡೆಯಡಿಗೆ ಸೇರಿಸಿ, ಅವುಗಳ ಮೇಲೆ ಕುಳಿತುಕೊಂಡಳು.

ಇಂಥವರು ಎಲ್ಲ ಮನೆಗಳಲ್ಲೂ ಇದ್ದಾರೆ. ಅವರಿಗೆ ಅಕ್ಕರೆ ಎಂದರೆ ಕೈಯಾಡಿಸುವುದು: ಹೊದಿಕೆ ಸರಿಪಡಿಸುವುದು, ಕಾಲರು ನೇರ ಮಾಡುವುದು, ನಾವು ಕೆದರಿದ್ದನ್ನೆಲ್ಲ ಓರಣವಾಗಿಡುವುದು. ನಾವು ಅವರ ಕೈಯ ಉಪಕಾರವನ್ನು ಬೇಗ ಮರೆಯುತ್ತೇವೆ, ಅದು ಅಡ್ಡ ಬಂದಾಗ ಬೇಗ ಸಿಡುಕುತ್ತೇವೆ. ಆದರೆ ಇನ್ನೊಂದು ಜೀವದ ಸಲುವಾಗಿ ಅವರು ಒಮ್ಮೆ ಸುಮ್ಮನೆ ಕುಳಿತಾಗ ಅವರ ಮುಖ ನೋಡಬೇಕು. ಅಷ್ಟು ಕಷ್ಟದ ದುಡಿಮೆಯನ್ನು ಅವರು ಆಯುಷ್ಯದಲ್ಲಿ ಮಾಡಿರುವುದಿಲ್ಲ.