ವಲ್ಕಾನ್ ಹೊಲಿದ ಚರ್ಮದ ಪಟ್ಟಿ

ವಲ್ಕಾನ್‌ನ ಗೆಳೆಯ ಪೆನ್ಕೊ ಬೆರಳುಗಳನ್ನು ಒತ್ತಾಗಿ ಸೇರಿಸಿ ಮತ್ತೊಮ್ಮೆ ಚರ್ಮದ ಪಟ್ಟಿಯ ಕುಣಿಕೆಯೊಳಗೆ ತೂರಿಸಲು ನೋಡಿದ. ಗೆಣ್ಣಿನ ಹತ್ತಿರ ಕೈ ಸಿಕ್ಕಿಕೊಂಡಿತು. ಪಟ್ಟಿಯ ಇನ್ನೊಂದು ತುದಿ ಕಿಟಕಿ ಚೌಕಟ್ಟಿನ ಮೊಳೆಯಲ್ಲಿತ್ತು. ಆ ಮೊಳೆಯೋ ಅವನ ಎದೆಗಿಂತ ಎಷ್ಟೋ ಕೆಳಗಿತ್ತು. ಕೊನೆಗೆ ಕುಣಿಕೆಯ ಗೊಡವೆಯೇ ಬೇಡವೆಂದು ಬಗ್ಗಿ ನಿಂತು, ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕ್ಷೌರದ ಕತ್ತಿಯನ್ನು ಮಸೆದ. ಬಿಗಿಯಿಲ್ಲದ ಪಟ್ಟಿಯ ಮೇಲೆ ಕತ್ತಿ ಸುಮ್ಮನೆ ಜಾರಿತು.

"ಇದೇನ್ ಅತ್ತಿಗೆ, ವಲ್ಕಾನ್ ಕೈ ನನ್ ಕೈಗಿಂತ ದಪ್ಪ ಇತ್ತು. ಇದ್ರೊಳಗೆ ಅವ್ನು ಹೆಂಗ್ ಕೈ ಇಡ್ತಿದ್ದ?"

ಹೆಣ ತೊಳೆಯಲು ವೈನ್ ಬೆರೆಸಿದ ಬಿಸಿನೀರಿನ ಬೋಗುಣಿ ಹಿಡಿದು ಸ್ತಾಮೆನಾ ಬಾಗಿಲಲ್ಲಿ ನಿಂತಿದ್ದಳು. ಅವಳ ಗಂಡ ವಲ್ಕಾನ್ ಮೇಜಿನ ಮೇಲೆ ಹೆಣವಾಗಿ ಮಲಗಿದ್ದ. ಜ್ವರದ ದಿನಗಳಲ್ಲಿ ಬೆಳೆದ ಬಿಳಿಗಡ್ಡ ಹಾಗೇ ಇತ್ತು. ಆಯಸ್ಸಿನುದ್ದಕ್ಕೂ ರೈಲ್ವೆ ಗೇಟು ಕಾದವನು ಅವನು. ಬೆಳಗಿನ ಮೊದಲ ಗಾಡಿಯಲ್ಲಿ ಅವನ ಮುಖ ನೋಡುವವರು ಯಾರೂ ಇರಲಿಲ್ಲ, ಆದರೂ ನುಣ್ಣಗೆ ಕ್ಷೌರ ಮಾಡಿಕೊಳ್ಳದೆ ಅವನು ಬಾವುಟ ಹಿಡಿದದ್ದಿಲ್ಲ. ಅಂಥವನನ್ನು ಈ ಗಡ್ಡದಲ್ಲೇ ಮಣ್ಣಿಗೆ ಕಳಿಸಲು ಅವಳಿಗೆ ಮನಸ್ಸಿರಲಿಲ್ಲ.

ಅವಳು ಒಂದು ಹೆಜ್ಜೆ ಮುಂದಿಟ್ಟಳು. ತಲೆದೆಸೆಯಲ್ಲಿ ಮೇಣದಬತ್ತಿ ಕಾಯುತ್ತಿದ್ದ ನೆರೆಮನೆಯ ರುಸಾ ಅಜ್ಜಿ ಕೈ ಅಡ್ಡ ಹಿಡಿದಳು.

"ನೀನು ಅಲ್ಲೇ ಇರು ಮಗಳೇ. ಹೆಂಡ್ತಿ ಕಣ್ಣೀರು ಹೆಣದ ಮೇಲೆ ಬಿದ್ರೆ ಆ ಜೀವಕ್ಕೆ ದಾರಿ ಸಿಗಲ್ಲ. ತೊಳೆಯೋದು, ಕ್ಷೌರ ಮಾಡೋದು ಹೊರಗಿನವ್ರ ಕೆಲ್ಸ. ಗೊತ್ತಿಲ್ವಾ ನಿಂಗೆ?"

ಗೊತ್ತಿತ್ತು. ಊರಿನ ಎಷ್ಟೋ ಹೆಣಗಳಿಗೆ ಪೆನ್ಕೊನೇ ಕ್ಷೌರ ಮಾಡಿದ್ದ, ಅದೂ ಗೊತ್ತಿತ್ತು. ಅವನು ಸೋಪು ಹಚ್ಚಿ ಕೆನ್ನೆಯ ಮೇಲೆ ಕತ್ತಿ ಎಳೆದ. ಕೂದಲು ಕತ್ತರಿಸದೆ ಚರ್ಮವನ್ನೇ ಜಗ್ಗಿಕೊಂಡು ಬಂತು. ಸಣ್ಣದೊಂದು ಗೀರು ಬಿತ್ತು, ರಕ್ತ ಬರಲಿಲ್ಲ.

"ಬಿಡು, ಅವ್ನಿಗೇನು ನೋವಾಗಲ್ಲ," ಎಂದ ಪೆನ್ಕೊ.

*

ಕೆಲವು ವರ್ಷಗಳ ಹಿಂದೆ, ಕೈ ನಡುಗಲು ಶುರುವಾದ ಚಳಿಗಾಲದಲ್ಲಿ ವಲ್ಕಾನ್ ಕೆನ್ನೆ ಕೊಯ್ದುಕೊಂಡು, ಪೇರು ಗಿಡದ ಕೊಂಬೆ ತರಚಿತು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದ. ಮಾರನೇ ದಿನ ಕತ್ತಿಯನ್ನು ಹೆಂಡತಿಯ ಕೈಗಿಟ್ಟ.

"ಇನ್ಮೇಲೆ ನೀನೇ ಮಾಡು. ಆದ್ರೆ ಊರಿಗೆ ಗೊತ್ತಾಗ್ಬಾರ್ದು. ಅದ್ರಲ್ಲೂ ಆ ಪೆನ್ಕೊಗೆ."

ಅವನ ಹಳೆಯ ಪಟ್ಟಿ ಅವಳಿಗೆ ಉದ್ದವಾಯಿತು, ಅಗಲವಾಯಿತು. ಮಸೆಯುವಾಗ ಕತ್ತಿಯನ್ನು ಅದರ ಮೊಂಡು ಬೆನ್ನಿನ ಮೇಲೆ ಹೊರಳಿಸುವ ಬದಲು ಹರಿತವಾದ ಅಂಚಿನ ಮೇಲೆ ಹೊರಳಿಸಿ ಪಟ್ಟಿಯನ್ನು ಸೀಳಿಯೇಬಿಟ್ಟಳು. ಅವನು ಬೈಯಲಿಲ್ಲ. ಕೊಟ್ಟಿಗೆಗೆ ಹೋಗಿ, ಎಂದೋ ಸತ್ತ ಹೇಸರಗತ್ತೆ ಸಿವ್ಚೊನ ಎದೆಪಟ್ಟಿ ತಂದು ಒಲೆಯ ಮುಂದೆ ಕುಳಿತ. ತೊಗಲನ್ನು ನೆನೆಹಾಕಿದ, ಹೆರೆದ, ಒಣಗಿಸಿದ, ಕುರಿಕೊಬ್ಬು ಸವರಿದ. ರಾಕಿಯಾ ಸಾರಾಯಿಯ ಬಾಟಲಿಯನ್ನು ಅದರ ಮೇಲೆ ದಿನಗಟ್ಟಲೆ ಉರುಳಿಸಿ ನುಣುಪು ಮಾಡಿದ.

"ಮನೆಯೆಲ್ಲ ನಾತ. ಆ ಹೇಸರಗತ್ತೆನೇ ಎದ್ದು ಬಂದು ಒಲೆ ಮುಂದೆ ಕೂತಂಗಿದೆ," ಎಂದು ಅವಳು ಗೊಣಗಿದಳು.

"ಎದ್ದು ಬಂದ್ರೂ ನಿನ್ ಗೊಣಗಾಟ ಕೇಳಿ ವಾಪಸ್ ಓಡುತ್ತೆ. ಎಲ್ಲಿ, ಕೈ ಕೊಡು."

ಪಟ್ಟಿಯ ತುದಿಯನ್ನು ಅವಳ ಅಂಗೈ ಸುತ್ತ ಸುತ್ತಿ ಉಗುರಿನಿಂದ ಕುಣಿಕೆಯ ಅಳತೆ ಗುರುತು ಮಾಡಿಕೊಂಡ. ನಡುಗುವ ಬೆರಳಿಗೆ ದಬ್ಬಳದ ತೂತು ಸಿಗುತ್ತಿರಲಿಲ್ಲ. ತಾನು ಹೊಲಿಯುತ್ತೇನೆಂದು ಅವಳು ಹೇಳಿದರೂ ಅವನು ಒಪ್ಪಲಿಲ್ಲ.

"ಮದ್ವೆ ದಿನ ಉಂಗುರದ ಅಳತೆ ತಪ್ಪಿದ್ದೆ. ನಿನ್ ಗೆಣ್ಣು ದಾಟ್ಲಿಲ್ಲ, ಚರ್ಚಿನಲ್ಲಿ ಎಲ್ರೂ ನಕ್ಕಿದ್ರು. ಈ ಸಲ ಅಳತೆ ತಪ್ಪಲ್ಲ. ಒಂದ್ ನೆನಪಿಟ್ಕೊ, ಒದ್ದೆ ಕೈಯಲ್ಲಿ ಮಾತ್ರ ಮುಟ್ಬೇಡ, ತೊಗಲು ಹಾಳಾಗುತ್ತೆ."

ಅಂದಿನಿಂದ ಅವಳ ಕೈಯಲ್ಲಿ ಕ್ಷೌರ ಮಾಡಿಸಿಕೊಂಡು, ಹೆಗಲಿಗೆ ಟವಲ್ ಹಾಕಿಕೊಂಡು ಮನೆಯ ಗೇಟಿನಲ್ಲಿ ನಿಲ್ಲುವುದು ಅವನ ಬೆಳಗಿನ ಕೆಲಸ. ದಾರಿಯಲ್ಲಿ ಹೋಗುವ ಪೆನ್ಕೊ ನಿಂತು ನೋಡುತ್ತಿದ್ದ. "ವಯಸ್ಸಾದಂಗೆಲ್ಲ ನಿನ್ ಕೈ ಪಳಗ್ತಾ ಇದೆಯಲ್ಲೋ!" ವಲ್ಕಾನ್ ಗಲ್ಲ ಸವರಿಕೊಂಡು, "ಎಲ್ಲ ಅಭ್ಯಾಸ ಮಾರಾಯ," ಎನ್ನುತ್ತಿದ್ದ. ಒಳಗೆ ಸ್ತಾಮೆನಾ ಬಾಯಿಗೆ ಏಪ್ರನ್ ಒತ್ತಿಕೊಂಡು ನಗುತ್ತಿದ್ದಳು.

*

"ಕೊಡಿಲ್ಲಿ," ಎಂದಳು ಸ್ತಾಮೆನಾ.

ಬೋಗುಣಿ ಕೆಳಗಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡು ಕುಣಿಕೆಯೊಳಗೆ ತೂರಿಸಿದಳು. ಕೈ ಸಲೀಸಾಗಿ ಹೋಗಿ ಕೂತಿತು. ಪಟ್ಟಿ ಬಿಗಿಯಾಯಿತು. ಕತ್ತಿ ಹೋಗಿ ಬಂದು ಮಾಡುವ ಸದ್ದು ಆ ಮನೆಯ ಬೆಳಗಿನ ಸದ್ದೇ ಆಗಿತ್ತು. ಪೆನ್ಕೊ ಅವಳ ಕೈಯನ್ನೇ ನೋಡಿದ, ಅವಳ ಎತ್ತರಕ್ಕೆ ಸರಿಯಾಗಿ ತಗ್ಗಿನಲ್ಲಿದ್ದ ಮೊಳೆಯನ್ನು ನೋಡಿದ.

"ಅಂದ್ರೆ, ಇಷ್ಟು ವರ್ಷ..."

"ಹೂಂ."

"ಮಗಳೇ, ಕಣ್ಣೀರು," ಎಂದಳು ಅಜ್ಜಿ.

"ಬೀಳಲ್ಲ ಅಜ್ಜಿ. ಕತ್ತಿ ಹಿಡಿದಾಗ ಕಣ್ಣು ಮಂಜಾದ್ರೆ ಅವ್ನಿಗೆ ಗಾಯ ಆಗುತ್ತೆ. ನಂಗೆ ರೂಢಿ ಇದೆ."

ಪ್ರತಿದಿನ ಅವನು ನಾಲಗೆಯಿಂದ ಕೆನ್ನೆ ಉಬ್ಬಿಸಿ ಕೊಡುತ್ತಿದ್ದ. ಇವತ್ತು ಕೊಡಲಿಲ್ಲ. ಅವಳೇ ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿದಳು. ದವಡೆಯ ಕೆಳಗಿನ ಗುಳಿಯಲ್ಲಿ ಕೂದಲು ಅಡ್ಡ ಬೆಳೆಯುತ್ತಿತ್ತು, ಅಲ್ಲಿ ಕತ್ತಿಯನ್ನು ಅಡ್ಡ ತಿರುಗಿಸಿದಳು. ಅವನ ಮುಖ ನುಣ್ಣಗಾಯಿತು. ಒಂದು ಹನಿಯೂ ಬೀಳಲಿಲ್ಲ.

ಹೆಣಕ್ಕೆ ಕ್ಷೌರ ಮಾಡಿದವರಿಗೆ ಕೊಡುವ ಹೊಸ ಟವಲ್ಲನ್ನು ಅಜ್ಜಿ ಎತ್ತಿಕೊಂಡು ಪೆನ್ಕೊನ ಮುಖ ನೋಡಿದಳು. ಅವನು ಅದನ್ನು ಇಸಿದುಕೊಂಡು ಸ್ತಾಮೆನಾಳ ಹೆಗಲಿಗೆ ಹಾಕಿದ.

ಶವಪೆಟ್ಟಿಗೆ ಬಂತು, ಜನ ಒಳಗೆ ಬಂದರು. "ಪೆನ್ಕೊ, ವಲ್ಕಾನ್ ತಾನೇ ಮಾಡ್ಕೊಂಡಂಗಿದೆಯಲ್ಲಪ್ಪ," ಎಂದ ಯಾರೋ ಒಬ್ಬ.

ಪೆನ್ಕೊ ನೆಲ ನೋಡುತ್ತಾ, "ಅವ್ನ್ ಕೈ ಮುಂದೆ ನಂದೇನು," ಎಂದ.

ಸ್ತಾಮೆನಾ ಕತ್ತಿಯನ್ನು ಮಡಚಿ ಗಂಡನ ಕೋಟಿನ ಜೇಬಿಗಿಟ್ಟಳು.

"ಆ ಪಟ್ಟಿನೂ ಇಡು. ಅದಿಲ್ದೆ ಕತ್ತಿ ಮೊಂಡಾಗುತ್ತೆ ಅಲ್ಲಿ," ಎಂದಳು ಅಜ್ಜಿ.

"ಅವ್ನ ಕೈ ಇದ್ರೊಳಗೆ ಹೋಗಲ್ಲ ಅಜ್ಜಿ. ನಾನ್ ಬರೋವರೆಗೂ ಗಡ್ಡ ಬಿಟ್ಕೊಂಡಿರ್ಲಿ."

ಪೆಟ್ಟಿಗೆ ಎತ್ತಿದರು. ಅದು ಹೊಸ್ತಿಲು ದಾಟಿದ ಮೇಲೆ ಅವಳ ಕಣ್ಣೀರು ಕಟ್ಟೆಯೊಡೆದು ಬಂತು. ಮನೆಯ ಗೇಟಿನಿಂದ ಪೆನ್ಕೊ ಕರೆಯುತ್ತಿದ್ದ. ಅವಳು ಟವಲ್ಲಿನಿಂದ ಮುಖ ಒರೆಸಿಕೊಂಡಳು, ಕೈಗಳನ್ನು, ಬೆರಳ ಸಂದುಗಳನ್ನೂ ಚೆನ್ನಾಗಿ ಒಣಗಿಸಿಕೊಂಡಳು. ಆಮೇಲೆ ಪಟ್ಟಿಯನ್ನು ಎತ್ತಿ ಕಿಟಕಿಯ ಮೊಳೆಗೆ ತೂಗುಹಾಕಿದಳು.