ದಣಿಯ ದನಿ

ಚನ್ನಗಿರಿ ಬಸ್‌ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ತೌಸಿಫ್‌ನ ರೆಕಾರ್ಡಿಂಗ್ ರೂಮು. ಊರಿನ ಪ್ರಚಾರದ ಆಟೋಗಳಿಗೆಲ್ಲ ಮಾತು ಸರಬರಾಜಾಗುವುದು ಅಲ್ಲಿಂದಲೇ. ಯಾರ ದನಿ ಕೇಳಿದರೂ ಅವನ ಗಂಟಲಲ್ಲಿ ಸ್ಟಾಕ್ ಇರುತ್ತದೆ. ಅದಕ್ಕೇ ವರ್ತಕರ ಸಂಘದ ಅಧ್ಯಕ್ಷ ಓಂಕಾರಪ್ಪ ಗುಟ್ಟಾಗಿ ಅವನಲ್ಲಿಗೆ ಬಂದಿದ್ದರು. ಗಂಟಲಿನ ಆಪರೇಷನ್ ಆದಮೇಲೆ ಅವರಿಗೆ ಉಳಿದದ್ದು ಪಿಸುಮಾತು ಮಾತ್ರ.

"ಈ ಸಲಾನೂ ಸಂಘದ ಚುನಾವಣೆಗೆ ನಿಲ್ತೀನಿ ಅಂತ ನನ್ನ ದನೀಲಿ ನೀನೇ ಹೇಳಿಬಿಡಪ್ಪ. ಅಧ್ಯಕ್ಷನಿಗೆ ದನಿ ಇಲ್ಲ ಅಂತ ಜನಕ್ಕೆ ಗೊತ್ತಾಗಬಾರ್ದು."

ಹೀಗೆ ಪಾತ್ರೆ ಅಂಗಡಿಯ ದಣಿ ಓಂಕಾರಪ್ಪನವರ ಪಾತ್ರ ತೌಸಿಫ್‌ನ ಪಾಲಿಗೆ ಬಂತು. ರೆಕಾರ್ಡ್ ಮಾಡಿ, ಆ ಸೆಷನ್ ಫೈಲಿಗೆ ‘ದಣಿ’ ಎಂದು ಹೆಸರಿಟ್ಟು ಸೇವ್ ಮಾಡಿದ. ಅಷ್ಟಕ್ಕೇ ಬಾಯಿ ಸುಮ್ಮನಿರಬೇಕಲ್ಲ. ಬೇರೆಯೇ ಫೈಲಾಗುತ್ತದೆ ಎಂದುಕೊಂಡು ಅದೇ ಸೆಷನ್ನಿನ ಹೆಸರನ್ನು ‘ತಮಾಷೆ’ ಎಂದು ಬದಲಿಸಿ, ಅದೇ ದನಿಯಲ್ಲಿ ಇನ್ನೊಂದು ಬಿಟ್ಟ: "ಬಂಧುಗಳೇ, ನಿಂತೂ ನಿಂತೂ ಕಾಲು ನೋಯ್ತಾವೆ. ಈ ಸಲ ಕೂತ್ಕೊತೀನಿ. ನನ್ನ ಎದುರಾಳಿ ಹನುಮಂತಪ್ಪನ್ನೇ ನಿಲ್ಲಿಸ್ರಿ!" ಒಬ್ಬನೇ ನಕ್ಕು, ಸೇವ್ ಒತ್ತಿ ಮನೆಗೆ ಹೋದ.

ಬೆಳಿಗ್ಗೆ ಆಟೋ ಬೋರಣ್ಣನ ಪೆನ್‌ಡ್ರೈವ್‌ಗೆ ‘ದಣಿ’ಯನ್ನು ಹಾಕಿಕೊಟ್ಟ. ತನ್ನ ಬಾಯಿಂದ ಬಂದದ್ದನ್ನು ಮತ್ತೊಮ್ಮೆ ಕೇಳುವ ಅಭ್ಯಾಸ ಅವನಿಗಿರಲಿಲ್ಲ. ಟೀ ಕುಡಿಯುತ್ತಿರುವಾಗ ಬೀದಿಯ ಮೈಕು ಕೂಗಿತು: "ಈ ಸಲ ಕೂತ್ಕೊತೀನಿ!"

ಬಾಯಲ್ಲಿದ್ದ ಟೀ ಒಳಕ್ಕೂ ಹೋಗಲಿಲ್ಲ, ಹೊರಕ್ಕೂ ಬರಲಿಲ್ಲ. ಕಂಪ್ಯೂಟರ್ ಮುಂದೆ ಬಿದ್ದು ಹುಡುಕಿದ. ‘ತಮಾಷೆ’ ಎಂಬುದು ಎಲ್ಲೂ ಇಲ್ಲ. ‘ದಣಿ’ಯನ್ನು ತೆರೆದರೆ ಒಳಗಿದ್ದದ್ದು ತಮಾಷೆ! ಹಾಳು ಸಾಫ್ಟ್‌ವೇರು ಪರದೆಯ ಮೇಲಷ್ಟೇ ಹೊಸ ಹೆಸರು ತೋರಿಸಿ, ಸೇವ್ ಮಾಡುವಾಗ ಹಳೆಯ ಹೆಸರಿನ ಮೇಲೇ ಬರೆದುಬಿಟ್ಟಿತ್ತು. ಹೆಸರು ಬದಲಾಗಿರಲಿಲ್ಲ, ಉಸಿರು ಬದಲಾಗಿತ್ತು.

ಓಂಕಾರಪ್ಪ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಗಾಳಿ ಹೋಗುವ ಟೈರಿನ ಹಾಗೆ ಪಿಸುಗುಟ್ಟಿದರು. "ಸಂಜೆಗೆ ನಾಮಪತ್ರ ಮುಗೀತೈತೆ. ನಮ್ಮೋರೆಲ್ಲ ಹಾರ ಹಿಡ್ಕಂಡು ಹನುಮಂತಪ್ಪನ ಕಡೆ ಹೋದ್ರು. ನನ್ನ ಹೆಸರು ಸೂಚಿಸಾಕೆ ಒಬ್ಬನೂ ಉಳಿದಿಲ್ಲ!"

"ಸೇವ್ ಮಾಡಾಕೆ ಹೋಗಿ ನಿಮಗೆ ಶೇವ್ ಮಾಡ್ಬಿಟ್ಟೆ, ದಣಿ."

"ನಗಿಸ್ಬ್ಯಾಡ, ಹೊಲಿಗೆ ಬಿಚ್ಚೋಗತಾವೆ. ಅದು ಸುಳ್ಳು ಅಂತ ಹೇಳು, ಈಗ್ಲೇ!"

ಹೊಸ ಸೆಷನ್ನಿನಲ್ಲಿ ರೆಕಾರ್ಡ್ ಮಾಡಿ, ಈ ಸಲ ಪೂರ್ತಿ ಕೇಳಿಯೇ ಕಳಿಸಿದ. ಸ್ವಲ್ಪ ಹೊತ್ತಿಗೆ ಬೋರಣ್ಣನ ಫೋನು ಬಂತು. ತೌಸಿಫ್ ಸ್ಪೀಕರ್ ಹಾಕಿದ.

"ತೌಸಿಫಣ್ಣ, ಜನ ಆಟೋ ಅಡ್ಡಗಟ್ಟ್ಯಾರೆ! ಬೆಳಿಗ್ಗೆ ಬಂದಿದ್ದೇ ದಣಿಯ ಅಸಲಿ ದನಿ, ಇದು ಯಾವನೋ ಮಿಮಿಕ್ರಿಯವಂದು ಅಂತಾರೆ. ಆ ತಮಾಷೆ ದಣಿಗೆ ಬಿಟ್ರೆ ಯಾರಿಗೂ ಬರಲ್ವಂತೆ. ದಣಿನೇ ಒಂದು ಮಾತು ಆಡ್ಲಿ, ವಾಪಸ್ ಬರ್ತೀವಿ ಅಂತಾರೆ."

ಓಂಕಾರಪ್ಪ ಬಾಯಿ ತೆರೆದರು. ಬರೀ ಗಾಳಿ. ಫೋನನ್ನು ತೌಸಿಫ್‌ನ ಬಾಯಿಗೆ ಹಿಡಿದರು.

"ನಾನೇ ಕಣ್ರಪ್ಪ, ಓಂಕಾರಪ್ಪ..."

ಆ ಕಡೆ ಗೊಳ್ಳೆಂದು ನಗು. ಯಾರೋ ಕೂಗಿದ: "ತೌಸಿಫ್‌ನ ಫೋನಿಗೆ ಮಾಡಿದ್ರೆ ತೌಸಿಫ್ ಬಿಟ್ಟು ಇನ್ಯಾರಪ್ಪ ಮಾತಾಡ್ತಾರೆ?"

ಹಿಂದೆಯೇ ಹನುಮಂತಪ್ಪನ ಕಡೆಯವರ ಪಟಾಕಿ ಸಿಡಿಯಿತು. ಓಂಕಾರಪ್ಪ ಏನೋ ಅಂದರು. ಎದುರಿಗೇ ನಿಂತಿದ್ದ ತೌಸಿಫ್‌ಗೂ ಅದು ಕೇಳಿಸಲಿಲ್ಲ.